ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಮ್ಯಾಟರ್ ಕೋಡಿನ ಬಿಲ್ಡ್ (ಕಂಪೈಲ್ ಮಾಡುವ ಕೆಲಸ) ಅರ್ಧಕ್ಕೇ ‘ಕಿಲ್ಡ್’ ಅಂತ ನಿಲ್ಲುವುದು ರಾಯಚೂರಿನ ಬಿಸಿಲಿಗಾ?

ಬಿಸಿಲಿಗಲ್ಲ, ರ‍್ಯಾಮ್ ಸಾಲದ್ದಕ್ಕೆ. ಚಿಪ್ಪಿನ ಬಿಸಿ 80 ಡಿಗ್ರಿ ದಾಟಿದರೆ ಪೈ ವೇಗ ತಗ್ಗಿಸಿಕೊಳ್ಳುತ್ತದೆ, ಬಿಲ್ಡ್ ತಡವಾಗುತ್ತದೆ, ಅಷ್ಟೇ. (ಮೇ ತಿಂಗಳಲ್ಲಿ ಒಂದು ಸಣ್ಣ ಫ್ಯಾನ್ ಇರಲಿ.) ‘ಕಿಲ್ಡ್’ ಬಂದರೆ ಮೆಮೊರಿ ಮುಗಿದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಲಿನಕ್ಸ್ ಕರ್ನಲ್ಲೇ ಕಂಪೈಲರನ್ನು (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಮನ್ನು) ಕೊಂದಿರುತ್ತದೆ, ಕರ್ನಲ್ ಲಾಗಿನಲ್ಲಿ ‘ಔಟ್ ಆಫ್ ಮೆಮೊರಿ’ ಸಾಲಿದ್ದರೆ ಖಾತ್ರಿ.

ಸ್ಮಾರ್ಟ್ ಹೋಮ್‌ಗಾಗಿ ಇರುವ ಈ ಓಪನ್ ಸೋರ್ಸ್ ಕೋಡನ್ನು ಕಂಪೈಲ್ ಮಾಡಿಸುವುದು ನಿಂಜಾ ಎಂಬ ಟೂಲ್. ಪ್ರೊಸೆಸರಿನಲ್ಲಿ ನಾಲ್ಕು ಕೋರ್ ಕಂಡರೆ ಅದು ತಾನಾಗಿಯೇ 6 ಕೆಲಸ ಒಟ್ಟಿಗೆ ಹಚ್ಚುತ್ತದೆ. ಒಂದೊಂದು ಸಿ ಪ್ಲಸ್ ಪ್ಲಸ್ ಫೈಲಿಗೂ ನೂರಾರು ಎಂಬಿ ಬೇಕು. 2 ಜಿಬಿಯ ಪೈ ಎಲ್ಲಿಂದ ತಂದೀತು? ನಿಂಜಾ ಕಮಾಂಡಿಗೆ ಹೈಫನ್ ಹಾಕಿ ಸಣ್ಣ ಅಕ್ಷರದ ಜೆ, ಮುಂದೆ 2 ಸೇರಿಸಿ. ಆಗಲೂ ನಿಂತರೆ 1. ಜೊತೆಗೆ 4 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಕೊಡಿ, ಆದಷ್ಟು ಎಸ್‌ಡಿ ಕಾರ್ಡ್ ಬಿಟ್ಟು ಯುಎಸ್‌ಬಿ ಎಸ್‌ಎಸ್‌ಡಿ ಮೇಲೆ.

ಮೊದಲಿಂದ ಶುರು ಮಾಡಬೇಕಿಲ್ಲ. ಅದೇ ಕಮಾಂಡ್ ಕೊಟ್ಟರೆ ಮುಗಿದ ಫೈಲು ಬಿಟ್ಟು ಮುಂದುವರಿಯುತ್ತದೆ. ನಡುವೆ ಕರೆಂಟ್ ಹೋಗಿತ್ತೆಂದರೆ ಮಾತ್ರ ಬಿಲ್ಡ್ ಆದದ್ದು ಸೇರುವ ಔಟ್ ಫೋಲ್ಡರಿನಲ್ಲಿ ಸೊನ್ನೆ ಬೈಟಿನ ಆಬ್ಜೆಕ್ಟ್ ಫೈಲು (ಕಂಪೈಲ್ ಆದ ತುಣುಕು) ಉಳಿದಿರಬಹುದು; ಹುಡುಕಿ ಅಳಿಸಿ.