ಗೋಕರ್ಣದ ಬೀಚ್ ದಾರಿ: ಹಾರ್ಡ್‌ಟೇಲ್ ಸಾಕಾಗುತ್ತಾ?

ಗೋಕರ್ಣದಿಂದ ಕುಮಟಾವರೆಗೆ ಕಡಲಂಚಿನಲ್ಲೇ ಹಾರ್ಡ್‌ಟೇಲ್ (ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ) ಸೈಕಲ್‌ನಲ್ಲಿ ಹೋಗಬಹುದಾ ಎಂದು ಕೇಳಿದ್ದೀರಿ. ಹೋಗಬಹುದು. ಆದರೆ ಪೂರ್ತಿ ತುಳಿದುಕೊಂಡೇ ಹೋಗ್ತೀನಿ ಅಂದುಕೊಳ್ಳಬೇಡಿ.

ಕುಡ್ಲೆಯಿಂದ ಓಂ ಬೀಚ್‌ವರೆಗಿನ ಗುಡ್ಡ ಮಜಾ ಕೊಡುತ್ತದೆ. ಮೇಲೆಲ್ಲ ಕೆಂಪು ಮುರಕಲ್ಲು. ಅದರ ಸಣ್ಣ ಹರಳುಗಳ ಮೇಲೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ. ನನ್ನ ಮೊಣಕೈ ಮೇಲಿನ ಕಲೆ ಅದಕ್ಕೆ ಸಾಕ್ಷಿ! ಇಳಿಜಾರಿನಲ್ಲಿ ಸೀಟು ತಗ್ಗಿಸಿ, ಮೈಯನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕ್ ಹದವಾಗಿ ಬಳಸಿ. ಓಂ ದಾಟಿ ಹಾಫ್ ಮೂನ್, ಪ್ಯಾರಡೈಸ್ ಕಡೆ ಹೋದರೆ ಬರೀ ಬಂಡೆ. ಅಲ್ಲಿ ಸೈಕಲ್ ನಿಮ್ಮ ಹೆಗಲೇರುತ್ತದೆ.

ಮರಳಿನಲ್ಲಿ ಇಳಿತದ ಹೊತ್ತು ನೋಡಿಕೊಂಡು ಹೊರಡಿ. ನೀರು ಹಿಂದೆ ಸರಿದಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಒಣ ಮರಳಲ್ಲಿ ಸುಮ್ನೆ ಒದ್ದಾಟ. ಟೈರ್ ಗಾಳಿ ಸ್ವಲ್ಪ ಇಳಿಸಿ, ಆದರೆ ಟ್ಯೂಬ್ ಇದ್ದರೆ ಜಾಸ್ತಿ ಇಳಿಸಬೇಡಿ. ಕಲ್ಲಿಗೆ ಬಡಿದು ಪಂಚರ್ ಆಗುತ್ತದೆ.

ತದಡಿಯಲ್ಲಿ ಅಘನಾಶಿನಿ ನದಿ ಅಡ್ಡ ಬರುತ್ತದೆ. ದೋಣಿಯಲ್ಲಿ ದಾಟಿದರೆ ಅಘನಾಶಿನಿ ಊರು, ಅಲ್ಲಿಂದ ದಕ್ಷಿಣಕ್ಕೆ ಕುಮಟಾ. ದೋಣಿಯ ಸಮಯ, ಸೈಕಲ್ ಹತ್ತಿಸುತ್ತಾರಾ ಎಂಬುದನ್ನು ಹಿಂದಿನ ದಿನವೇ ಅಲ್ಲಿ ಕೇಳಿಕೊಳ್ಳಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಬೇಡ. ಮತ್ತೆ, ಅವತ್ತೇ ಸಂಜೆ ಸಿಹಿನೀರಲ್ಲಿ ಸೈಕಲ್ ತೊಳೆದು ಚೈನ್‌ಗೆ ಎಣ್ಣೆ ಹಾಕಿ. ಉಪ್ಪು ಬೆಳಗಿನವರೆಗೂ ಕಾಯುವುದಿಲ್ಲ.