ಓದುಗರ ಪ್ರಶ್ನೆ: ಧೈರ್ಯ ಬಂದ ಮೇಲೆ ತರಬೇತಿಗೆ ಸೇರಲೇ?

ಪ್ರಶ್ನೆ: ಮಾನ್ಯರೇ, ನನಗೆ 26 ವರ್ಷ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಬಿ.ಕಾಂ. ಮುಗಿಸಿ ನಾಲ್ಕು ವರ್ಷಗಳಾದವು. ಓದು ಮುಗಿದ ವರ್ಷವೇ ಅಪ್ಪನಿಗೆ ಪಾರ್ಶ್ವವಾಯು ಬಡಿದದ್ದರಿಂದ ಮನೆಯಲ್ಲೇ ಉಳಿದೆ. ಕಳೆದ ವರ್ಷ ಹುಬ್ಬಳ್ಳಿಯಲ್ಲಿ ಎರಡು ಕಡೆ ಸಂದರ್ಶನಕ್ಕೆ ಹೋಗಿದ್ದೆ. ಮೊದಲನೆಯ ಕಡೆ ಇಂಗ್ಲಿಷಿನಲ್ಲಿ ನಿಮ್ಮ ಪರಿಚಯ ಹೇಳಿ ಎಂದರು. ಹೆಸರು ಹೇಳುವಷ್ಟರಲ್ಲಿ ಗಂಟಲು ಒಣಗಿ ಮುಂದೆ ಮಾತೇ ಹೊರಡಲಿಲ್ಲ. ಎರಡನೆಯ ಕಡೆ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ‘ಏನೂ ಇಲ್ಲ ಸರ್’ ಎಂದು ಹೇಳಿ ಎದ್ದು ಬಂದೆ. ಅಲ್ಲಿಂದೀಚೆಗೆ ಯಾವುದಕ್ಕೂ ಅರ್ಜಿ ಹಾಕಿಲ್ಲ. ಪಂಚಾಯಿತಿಯಲ್ಲಿ ಉಚಿತ ತರಬೇತಿಯ ಕರಪತ್ರ ಹಂಚಿದ್ದಾರೆ. ಅವ್ವ ದಿನವೂ ‘ಹೋಗಿ ಬಾರವ್ವಾ, ಹೋದ್ರ ಏನ್ ಗಂಟು ಹೋಗತೈತಿ’ ಎನ್ನುತ್ತಾಳೆ. ಅಲ್ಲಿಗೆ ಬರುವವರೆಲ್ಲ ನನಗಿಂತ ಚುರುಕಾಗಿರುತ್ತಾರೆ, ಅವರ ಮುಂದೆ ನಗೆಪಾಟಲಾಗುತ್ತೇನೆ ಎಂಬ ಭಯ ನನಗೆ. ಮೊದಲು ಸ್ವಲ್ಪ ಧೈರ್ಯ ತಂದುಕೊಂಡು ಆಮೇಲೆ ಸೇರಬೇಕೆಂದಿದ್ದೇನೆ. ಧೈರ್ಯ ತಂದುಕೊಳ್ಳುವುದು ಹೇಗೆ ಎಂದು ತಿಳಿಸಿ. ಅಪ್ಪನನ್ನು ನೋಡಿಕೊಳ್ಳುವುದು, ವಾರಕ್ಕೊಮ್ಮೆ ನಮ್ಮ ಓಣಿಯ ಮಹಿಳಾ ಸಂಘದ ಪುಸ್ತಕ ಬರೆಯುವುದು, ಇಷ್ಟು ಬಿಟ್ಟರೆ ನನಗೆ ಬೇರೇನೂ ಬಾರದು.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ. ಹೇಳಬೇಕಾದ ಮುಖ್ಯ ಸಂಗತಿ ಅಲ್ಲಿದೆ. ನೀವು ಅದನ್ನು ‘ಇಷ್ಟು ಬಿಟ್ಟರೆ’ ಎಂಬ ಮಾತಿನ ಮರೆಯಲ್ಲಿ ಇಟ್ಟುಬಿಟ್ಟಿದ್ದೀರಿ. ಸ್ವಸಹಾಯ ಸಂಘದ ಪುಸ್ತಕ ಬರೆಯುವವರು ಸಭೆಯ ನಡಾವಳಿ ಬರೆಯಬೇಕು, ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲದ ಕಂತು ಬಂತು, ಅದರಲ್ಲಿ ಬಡ್ಡಿ ಎಷ್ಟು, ಅಸಲಿಗೆ ಎಷ್ಟು ಎಂದು ಬಿಡಿಸಿ ತೋರಿಸಬೇಕು, ಕೊನೆಗೆ ಪೆಟ್ಟಿಗೆಯಲ್ಲಿರುವ ನಗದು ಪುಸ್ತಕದ ಶಿಲ್ಕಿಗೂ ಬ್ಯಾಂಕಿನಲ್ಲಿರುವ ಹಣ ಪಾಸ್‌ಬುಕ್ಕಿಗೂ ತಾಳೆಯಾಗುವಂತೆ ನೋಡಿಕೊಳ್ಳಬೇಕು. ಹತ್ತು ರೂಪಾಯಿ ಹೆಚ್ಚು ಕಡಿಮೆಯಾದರೂ ಸಭೆಯಲ್ಲಿ ಕುಳಿತ ಹೆಂಗಸರು ಸುಮ್ಮನೆ ಬಿಡುವುದಿಲ್ಲ. ನಗದು ಪುಸ್ತಕ ಮತ್ತು ಖಾತೆ ಪುಸ್ತಕ ಬರೆಯಬಲ್ಲವರನ್ನೇ ಪೇಟೆಯ ಅಂಗಡಿಗಳೂ ಲೆಕ್ಕಪರಿಶೋಧಕರ ಕಚೇರಿಗಳೂ ಹುಡುಕುತ್ತಿರುತ್ತವೆ. ಹುಬ್ಬಳ್ಳಿಯಲ್ಲಿ ನಿಮ್ಮನ್ನು ಪ್ರಶ್ನಿಸಿದವರಿಗೆ ಇದು ತಿಳಿದಿರಲಿಲ್ಲ, ಏಕೆಂದರೆ ನೀವು ಹೇಳಲಿಲ್ಲ.

ಇನ್ನು ಧೈರ್ಯ ತಂದುಕೊಂಡು ಆಮೇಲೆ ಸೇರುವ ವಿಚಾರ. ಹಲವು ವರ್ಷ ತರಬೇತಿ ಕೇಂದ್ರವೊಂದರಲ್ಲಿ ಪಾಠ ಮಾಡಿದವಳಾಗಿ ಹೇಳುತ್ತೇನೆ, ಇದು ಈಜು ಕಲಿತ ಮೇಲೆ ಕೆರೆಗೆ ಇಳಿಯುತ್ತೇನೆ ಎಂದಂತೆ. ‘ಈ ಕೆಲಸ ನನ್ನಿಂದ ಆದೀತು’ ಎಂಬ ನಂಬಿಕೆ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ ವಿವರಿಸಿದರು. ಅವರ ಪ್ರಕಾರ ಎಲ್ಲಕ್ಕಿಂತ ಬಲವಾದ ಮೂಲ ಸ್ವತಃ ಮಾಡಿ ಗೆದ್ದ ಅನುಭವ. ತನ್ನಂಥವರೇ ಮಾಡಿ ತೋರಿಸುವುದನ್ನು ಕಣ್ಣಾರೆ ಕಾಣುವುದು ಇನ್ನೊಂದು. ಬೇರೆಯವರು ಹುರಿದುಂಬಿಸುವ ಮಾತು ಮತ್ತೊಂದು. ಎದೆಬಡಿತ, ಗಂಟಲು ಒಣಗುವುದು ಮೊದಲಾದ ದೇಹದ ಲಕ್ಷಣಗಳನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳುತ್ತೇವೆ ಎಂಬುದು ನಾಲ್ಕನೆಯದು. ಮನೆಯ ಗೋಡೆಗೆ ಒರಗಿ ಕುಳಿತು ಮೊಬೈಲಿನಲ್ಲಿ ಸ್ಫೂರ್ತಿಯ ಭಾಷಣ ಕೇಳುವವರಿಗೆ ಮೂರನೆಯದು ಮಾತ್ರ ಸಿಗುತ್ತದೆ, ಅದರ ಕಾವು ಸಂಜೆಯ ಹೊತ್ತಿಗೆ ಇಳಿದಿರುತ್ತದೆ. ಮೊದಲಿನ ಎರಡು ಸಿಗಬೇಕಾದರೆ ನಾಲ್ಕು ಜನರ ನಡುವೆ ಕುಳಿತು ಕೈಯಿಂದ ಏನನ್ನಾದರೂ ಮಾಡಬೇಕು.

ಸ್ವಉದ್ಯೋಗ ತರಬೇತಿಗಳಲ್ಲಿ ಆಡಿಸುವ ಬಳೆ ಎಸೆತದ ಆಟವೊಂದಿದೆ. ನೆಲದ ಮೇಲೆ ಒಂದು ಗೂಟ ನಿಲ್ಲಿಸಿ, ಅದರಿಂದ ಅಡಿಗೊಂದರಂತೆ ಸೀಮೆಸುಣ್ಣದ ಗೆರೆ ಎಳೆದು, ಕೈಗೆ ಬಳೆಯಂಥ ರಿಂಗುಗಳನ್ನು ಕೊಟ್ಟು, ‘ಯಾವ ಗೆರೆಯಿಂದಾದರೂ ಎಸೆಯಿರಿ, ದೂರ ನಿಂತಷ್ಟೂ ಅಂಕ ಹೆಚ್ಚು’ ಎನ್ನುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಸಾಧನೆಯ ಹಂಬಲವನ್ನು ಅಳೆಯಲು ಇಂಥ ಆಟವನ್ನು ಬಳಸಿದ್ದರು. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಆ ಹಂಬಲ ಬೆಳೆಸುವ ತರಬೇತಿ ಕೊಟ್ಟು ನೋಡಿದವರೂ ಅವರೇ. ನಮ್ಮ ಕೇಂದ್ರದಲ್ಲಿ ಒಮ್ಮೆ ಮೂರು ದಿನಗಳಿಂದ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಹುಡುಗಿಯೊಬ್ಬಳು ತನ್ನ ಸರದಿ ಬಂದಾಗ ನೇರವಾಗಿ ಕೊನೆಯ ಗೆರೆಗೆ, ಗೋಡೆಯ ಹತ್ತಿರಕ್ಕೆ ಹೋಗಿ ನಿಂತಳು. ಮೂರೂ ರಿಂಗುಗಳು ಎತ್ತೆತ್ತಲೋ ಹೋದವು, ಎಲ್ಲರ ಜೊತೆ ಅವಳೂ ನಕ್ಕಳು. ಅಷ್ಟು ದೂರದಿಂದ ತಪ್ಪಿದರೆ ಯಾರೂ ಬೈಯುವುದಿಲ್ಲವಲ್ಲ! ಅವಳ ನಂತರ ಬಂದ ಇನ್ನೊಬ್ಬಾಕೆ ಗೂಟದ ಬುಡದಲ್ಲೇ ನಿಂತು ಮೂರನ್ನೂ ಸುಮ್ಮನೆ ಇಳಿಬಿಟ್ಟಳು. ನೋಡುವುದಕ್ಕೆ ತದ್ವಿರುದ್ಧವಾಗಿ ಕಂಡರೂ ಇಬ್ಬರೂ ಮಾಡಿದ್ದು ಒಂದೇ ಕೆಲಸ: ನಿಜವಾಗಿ ಸೋಲಬಹುದಾದ ಜಾಗದಿಂದ ತಪ್ಪಿಸಿಕೊಂಡಿದ್ದರು. ಎರಡನೆಯ ಸುತ್ತಿಗೆ ಎಲ್ಲಿ ನಿಲ್ಲುತ್ತೀರಿ ಎಂದು ಕೇಳಿದಾಗ ಮೊದಲನೆಯವಳು ತುಸು ಯೋಚಿಸಿ ಐದನೆಯ ಗೆರೆಗೆ ಬಂದಳು. ಒಂದು ಬಿತ್ತು, ಎರಡು ತಪ್ಪಿದವು. ಆ ಸಲ ಅವಳು ನಗಲಿಲ್ಲ, ಇನ್ನೊಮ್ಮೆ ಎಸೆಯಲೇ ಎಂದು ಕೇಳಿದಳು.

ನೀವು ಕಳೆದ ವರ್ಷ ಗೋಡೆಯ ಬಳಿಯಿಂದ ಎಸೆದಿರಿ. ಮೂರು ವರ್ಷ ಮನೆಯವರನ್ನು ಬಿಟ್ಟು ಹೊರಗಿನವರ ಬಳಿ ಹೆಚ್ಚು ಮಾತನಾಡದೆ ಇದ್ದು, ಏಕಾಏಕಿ ಹುಬ್ಬಳ್ಳಿಯ ಕಚೇರಿಯಲ್ಲಿ, ಅದೂ ಇಂಗ್ಲಿಷಿನಲ್ಲಿ ಮಾತನಾಡಲು ಹೋದರೆ ಗಂಟಲು ಒಣಗುವುದು ಸಹಜ, ಅದನ್ನು ಅಯೋಗ್ಯತೆಯ ಸಾಕ್ಷಿ ಎಂದುಕೊಳ್ಳಬೇಡಿ. ಈಗ ಮನೆಯಲ್ಲೇ ಧೈರ್ಯ ಕೂಡಿಸುತ್ತೇನೆ ಎನ್ನುತ್ತಿರುವುದು ಗೂಟದ ಬುಡ. ತರಬೇತಿಯೇ ನಡುವಿನ ಗೆರೆ.

ಯಾವ ತರಬೇತಿ ಎಂಬಲ್ಲಿ ಒಂದು ವ್ಯತ್ಯಾಸವನ್ನು ಮೊದಲೇ ತಿಳಿದುಕೊಳ್ಳಿ, ಏಕೆಂದರೆ ಕರಪತ್ರಗಳಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ, ಮತ್ತು ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಬ್ಯಾಂಕುಗಳ ಮೂಲಕ ಜಿಲ್ಲೆಗೊಂದರಂತೆ ತೆರೆಸಿದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳು ಮುಖ್ಯವಾಗಿ ಸ್ವಂತ ಉದ್ಯೋಗ ಮಾಡುವವರಿಗೆ. ಊಟ, ವಸತಿ, ಪಾಠ ಎಲ್ಲವೂ ಉಚಿತ. ತರಬೇತಿ ಕೆಲವು ದಿನಗಳಿಂದ ಸುಮಾರು ಒಂದೂವರೆ ತಿಂಗಳವರೆಗೆ ಇರುತ್ತದೆ. ಮುಗಿದ ಮೇಲೆ ಎರಡು ವರ್ಷ ವಿಚಾರಿಸಿಕೊಳ್ಳುವ ಪದ್ಧತಿಯೂ ಇದೆ. ಸಂಬಳದ ಕೆಲಸ ಬೇಕೆನ್ನುವ ಹಳ್ಳಿಯ ಬಡ ಕುಟುಂಬಗಳ ಯುವಜನರಿಗಾಗಿ 2014ರ ಸೆಪ್ಟೆಂಬರ್ 25ರಂದು ಆರಂಭವಾದದ್ದು ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ. ಇದರಲ್ಲಿ ತರಬೇತಿ ಕೊಡುವ ಸಂಸ್ಥೆಯೇ ಕೆಲಸ ಕೊಡಿಸುವ ಹೊಣೆಯನ್ನೂ ಹೊರಬೇಕು. ಕಸುಬಿನ ಜೊತೆಗೆ ಕಂಪ್ಯೂಟರ್ ಮತ್ತು ಮಾತಿನ ಇಂಗ್ಲಿಷನ್ನೂ ಕಲಿಸಬೇಕು. ಬಿಪಿಎಲ್ ಕಾರ್ಡು ಇಲ್ಲದಿದ್ದರೂ ಸ್ವಸಹಾಯ ಸಂಘದ ಸದಸ್ಯರ ಕುಟುಂಬದವರಿಗೆ ಇದರಲ್ಲಿ ಅವಕಾಶವಿದೆ. ನೀವು ಪುಸ್ತಕ ಬರೆಯುವ ಸಂಘದಲ್ಲಿ ನೀವೋ ಅವ್ವನೋ ಸದಸ್ಯರಾಗಿದ್ದರೆ ಅದೇ ನಿಮಗೆ ಅರ್ಹತೆಯಾಗಬಹುದು.

ಬಿ.ಕಾಂ. ಮತ್ತು ಸಂಘದ ಲೆಕ್ಕ ಎರಡೂ ಇರುವ ನಿಮಗೆ ನಾನು ಸೂಚಿಸುವುದು ಗಣಕೀಕೃತ ಲೆಕ್ಕಪತ್ರದ ತರಬೇತಿ, ಎಂದರೆ ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ ಮತ್ತು ಜಿಎಸ್‌ಟಿ. ನಗದು ಪುಸ್ತಕವನ್ನು ಕೈಯಲ್ಲಿ ಬರೆದವರಿಗೆ ಟ್ಯಾಲಿ ಬೇಗ ಹತ್ತುತ್ತದೆ. ಗುಂಡಿ ಒತ್ತುವುದನ್ನಷ್ಟೇ ಕಲಿತವರು ಯಾವುದು ಜಮೆ, ಯಾವುದು ಖರ್ಚು ಎಂಬಲ್ಲೇ ಎಡವುತ್ತಾರೆ. ಮೊದಲ ವಾರದಲ್ಲೇ ಪಕ್ಕದ ಹುಡುಗ ನಿಮ್ಮ ಕಡೆ ತಿರುಗಿ ‘ಅಕ್ಕಾ, ಇದು ಯಾಕೆ ತಾಳೆಯಾಗುತ್ತಿಲ್ಲ?’ ಎಂದು ಕೇಳಿದರೆ ನನಗೇನೂ ಆಶ್ಚರ್ಯವಿಲ್ಲ. ಅಪ್ಪನನ್ನು ಬಿಟ್ಟು ತಿಂಗಳುಗಟ್ಟಲೆ ಹೊರಗಿರುವುದು ಸಾಧ್ಯವೇ ಇಲ್ಲವೆಂದಾದರೆ ಹತ್ತಿರದಲ್ಲೇ ಇನ್ನೊಂದು ದಾರಿಯಿದೆ. ಸಂಜೀವಿನಿ ಯೋಜನೆಯಡಿ ಗ್ರಾಮ ಪಂಚಾಯಿತಿ ಮಟ್ಟದ ಸ್ವಸಹಾಯ ಸಂಘಗಳ ಒಕ್ಕೂಟಗಳಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿ, ಜನರ ಬಾಯಲ್ಲಿ ಎಂ.ಬಿ.ಕೆ., ಎಂಬ ಗೌರವಧನದ ಹುದ್ದೆ ಇರುತ್ತದೆ. ನಿಮ್ಮ ಒಕ್ಕೂಟದಲ್ಲಿ ಅದು ಖಾಲಿಯಿದೆಯೇ ಎಂದು ಸಂಘದ ಅಧ್ಯಕ್ಷೆಯ ಮೂಲಕವೇ ವಿಚಾರಿಸಿ. ಹಣ ಹೆಚ್ಚು ಬರುವುದಿಲ್ಲ, ಆದರೆ ಮುಂದಿನ ಸಂದರ್ಶನದಲ್ಲಿ ಹೇಳಿಕೊಳ್ಳಲು ಒಂದು ಹುದ್ದೆಯ ಹೆಸರು ಇರುತ್ತದೆ.

ಸೇರುವ ಮೊದಲು ಒಂದು ದಿನ ಕೇಂದ್ರಕ್ಕೆ ಹೋಗಿ ಬನ್ನಿ. ಎಷ್ಟು ಕಂಪ್ಯೂಟರುಗಳಿವೆ, ಅವುಗಳಲ್ಲಿ ಎಷ್ಟು ನಡೆಯುತ್ತವೆ ಎಂದು ಕಣ್ಣಾರೆ ನೋಡಿ. ಹಿಂದಿನ ತಂಡದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿ, ಸಾಧ್ಯವಾದರೆ ಇಬ್ಬರೊಂದಿಗೆ ಫೋನಿನಲ್ಲಿ ಮಾತನಾಡಿಸಿ ಎನ್ನಿ. ಸರ್ಕಾರದ ಉಚಿತ ಯೋಜನೆಯ ಹೆಸರು ಹೇಳಿ ನೋಂದಣಿ ಶುಲ್ಕವನ್ನೋ ಠೇವಣಿಯನ್ನೋ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಆ ಎದ್ದು ಬರುವುದರಲ್ಲಿ ತಪ್ಪಿಲ್ಲ.

ಇಂಗ್ಲಿಷಿನ ಭಯಕ್ಕೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಪರಿಚಯವನ್ನು ಆರೇ ಆರು ವಾಕ್ಯಗಳಲ್ಲಿ ಮೊದಲು ಕನ್ನಡದಲ್ಲಿ ಬರೆಯಿರಿ: ಅಪ್ಪನ ಕಾಯಿಲೆಯಿಂದ ಮನೆಯಲ್ಲಿ ಉಳಿಯಬೇಕಾಯಿತು, ಆ ಅವಧಿಯಲ್ಲಿ ಇಷ್ಟು ಸದಸ್ಯರ ಸಂಘದ ಉಳಿತಾಯ ಮತ್ತು ಸಾಲದ ಲೆಕ್ಕವನ್ನು ಪ್ರತಿ ವಾರ ಬರೆದಿದ್ದೇನೆ, ಈಗ ಟ್ಯಾಲಿ ಕಲಿಯುತ್ತಿದ್ದೇನೆ. ಆಮೇಲೆ ಅದನ್ನು ಸರಳ ಇಂಗ್ಲಿಷಿಗೆ ತಿರುಗಿಸಿಕೊಂಡು ಗಟ್ಟಿಯಾಗಿ ಹೇಳಿ ರೂಢಿ ಮಾಡಿ. ಬಾಯಿಪಾಠವಾದ ಮೇಲೆ ತರಬೇತಿ ಕೇಂದ್ರದ ಅಣಕು ಸಂದರ್ಶನಕ್ಕೆ ಮೊದಲ ಹೆಸರನ್ನು ನೀವೇ ಕೊಡಿ. ಮೊದಲ ಸಲ ತೊದಲುತ್ತೀರಿ. ಅಲ್ಲಿ ಕುಳಿತವರು ನಗುತ್ತಾರೆಯೇ ಎಂದರೆ, ತಮ್ಮ ಸರದಿ ಬರಲಿದೆ ಎಂಬ ಚಿಂತೆಯಲ್ಲಿ ಅವರಿಗೆ ನಗಲು ಪುರುಸೊತ್ತಿರುವುದಿಲ್ಲ.

ಪ್ರಶ್ನೆ: ನಾನು 38 ವರ್ಷದವನು, ಎಸ್ಸೆಸ್ಸೆಲ್ಸಿ ಫೇಲ್. ಹದಿನೈದು ವರ್ಷಗಳಿಂದ ಮನೆಗಳ ವೈರಿಂಗ್ ಮಾಡುತ್ತಿದ್ದೇನೆ. ಕಾರ್ಖಾನೆಯಲ್ಲಿ ನಿರ್ವಹಣಾ ವಿಭಾಗದ ಕೆಲಸ ಕೇಳಿದರೆ ಸರ್ಟಿಫಿಕೇಟ್ ಎಲ್ಲಿ ಎನ್ನುತ್ತಾರೆ. ಇಪ್ಪತ್ತರ ಹುಡುಗರ ಜೊತೆ ತರಗತಿಯಲ್ಲಿ ಕೂರಲು ನಾಚಿಕೆಯಾಗುತ್ತದೆ.
– ತುಮಕೂರು ಜಿಲ್ಲೆಯ ಓದುಗರು

ಉತ್ತರ: ನೀವು ಮೊದಲಿನಿಂದ ಕಲಿಯಬೇಕಾಗಿಲ್ಲ. ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿದೆ. ಅದನ್ನು ಪೂರ್ವ ಕಲಿಕೆಯ ಮಾನ್ಯತೆ, ಸಂಕ್ಷಿಪ್ತವಾಗಿ ಆರ್‌ಪಿಎಲ್ ಎನ್ನುತ್ತಾರೆ. ಕೆಲವು ಗಂಟೆಗಳ ಪರಿಚಯ ಪಾಠ, ಆಮೇಲೆ ಮೌಲ್ಯಮಾಪಕರ ಎದುರು ಕೆಲಸ ಮಾಡಿ ತೋರಿಸುವುದು, ಅಷ್ಟೇ. ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಇದು ಯಾವಾಗ, ಎಲ್ಲಿ ನಡೆಯುತ್ತದೆ ಎಂದು ಕೇಳಿ. ಒಂದು ಎಚ್ಚರಿಕೆ: ಈ ಪ್ರಮಾಣಪತ್ರ ಬೇರೆ, ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಗಿ ಬೇರೆ, ಮೊದಲನೆಯದು ಕೈಗೆ ಬಂದ ಮೇಲೆ ಎರಡನೆಯದರ ನಿಯಮಗಳನ್ನೂ ವಿಚಾರಿಸಿ. ಇನ್ನು ಹುಡುಗರ ಜೊತೆ ಕೂರುವ ನಾಚಿಕೆ: ಅರ್ಧ ದಿನ ಕಳೆಯುವುದರೊಳಗೆ ಅವರು ನಿಮ್ಮನ್ನು ‘ಅಣ್ಣಾ’ ಎಂದು ಕರೆದು ಅರ್ಥಿಂಗ್ ಹೇಗೆ ಕೊಡುವುದೆಂದು ಕೇಳದಿದ್ದರೆ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ನನ್ನ ಮಗ ಐಟಿಐ ಫಿಟ್ಟರ್ ಮುಗಿಸಿ ಎರಡು ವರ್ಷವಾಯಿತು. ಚುರುಕಿನ ಹುಡುಗ. ಆರು ತಿಂಗಳಿಂದ ಕೋಣೆ ಬಿಟ್ಟು ಬರುವುದಿಲ್ಲ, ರಾತ್ರಿ ನಿದ್ದೆ ಮಾಡುವುದಿಲ್ಲ, ಊಟ ಅರ್ಧಕ್ಕೆ ಬಿಡುತ್ತಾನೆ, ಗೆಳೆಯರ ಫೋನನ್ನೂ ಎತ್ತುವುದಿಲ್ಲ. ಅವನಿಗೆ ಆತ್ಮವಿಶ್ವಾಸ ಬರುವಂಥ ತರಬೇತಿ ಯಾವುದಿದೆ?
– ಒಬ್ಬ ತಂದೆ, ಶಿವಮೊಗ್ಗ ಜಿಲ್ಲೆ

ಉತ್ತರ: ತರಬೇತಿಯ ಮಾತು ಸದ್ಯಕ್ಕೆ ಬೇಡ. ನೀವು ಬರೆದ ಲಕ್ಷಣಗಳು ಬರೀ ಅಂಜಿಕೆಯವಲ್ಲ. ಖಿನ್ನತೆ ಇರಬಹುದು, ಅದನ್ನು ವೈದ್ಯರೇ ನೋಡಿ ಹೇಳಬೇಕು. ಈ ಸ್ಥಿತಿಯಲ್ಲಿ ಒತ್ತಾಯಿಸಿ ತರಬೇತಿಗೆ ಕಳಿಸಿ, ಅವನು ನಡುವೆ ಬಿಟ್ಟು ಬಂದರೆ ಸೋಲಿನ ಲೆಕ್ಕಕ್ಕೆ ಇನ್ನೊಂದು ಸೇರುತ್ತದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ಮಗ ಒಪ್ಪದಿದ್ದರೆ ಮೊದಲ ಕರೆಯನ್ನು ನೀವೇ ಮಾಡಿ, ಅವನೊಡನೆ ಹೇಗೆ ಮಾತು ತೆಗೆಯಬೇಕೆಂದು ಕೇಳಿಕೊಳ್ಳಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಅವನನ್ನು ಕರೆದೊಯ್ಯುವುದು ನಂತರದ ಹೆಜ್ಜೆ. ಸಾಯುವ ಮಾತೇನಾದರೂ ಅವನ ಬಾಯಲ್ಲಿ ಬಂದಿದ್ದರೆ ನಾಳೆಯವರೆಗೂ ಕಾಯಬೇಡಿ, ಅವನನ್ನು ಒಂಟಿಯಾಗಿಯೂ ಬಿಡಬೇಡಿ. ನಿದ್ದೆ ಊಟ ಸರಿಹೋಗಿ, ತಾನಾಗಿ ಗೆಳೆಯನೊಬ್ಬನಿಗೆ ಫೋನು ಮಾಡುವಷ್ಟಾದಾಗ ಅಪ್ರೆಂಟಿಸ್‌ಶಿಪ್ ವಿಚಾರ ತೆಗೆಯೋಣ. ಫಿಟ್ಟರ್ ಕಲಿತವರನ್ನು ಶಿಷ್ಯವೇತನ ಕೊಟ್ಟು ತೆಗೆದುಕೊಳ್ಳುವ ಕಾರ್ಖಾನೆಗಳು ಆಗಲೂ ಇರುತ್ತವೆ.