ಅಷ್ಟು ದೊಡ್ಡ ನಗರ ನಾಶವಾದರೂ ನಿಮಗೇಕೆ ಏನೂ ಅನ್ನಿಸಲಿಲ್ಲ?

ಪ್ರಿಯ ಓದುಗರೇ,

'ವಾಚ್‌ಮೆನ್' ಮತ್ತು 'ಪ್ರೈಮರ್' ಎರಡೂ ಸಿನಿಮಾಗಳನ್ನು ಬೆನ್ನುಬೆನ್ನಿಗೆ ನೋಡಿ ನೀವು ಬರೆದ ಪತ್ರ ತಲುಪಿದೆ. ಮೊದಲನೆಯದು ಕಣ್ಣಿಗೆ ಹಬ್ಬ, ಆದರೆ ಕೊನೆಗೆ ನಗರವೇ ನಾಶವಾದಾಗ ಏನೂ ಅನ್ನಿಸಲಿಲ್ಲ. ಎರಡನೆಯದು ಅರ್ಧಕ್ಕರ್ಧ ಅರ್ಥವಾಗಲಿಲ್ಲ, ಆದರೆ ತಲೆಯಿಂದ ಹೋಗುತ್ತಿಲ್ಲ ಎಂದಿದ್ದೀರಿ. ದೊಡ್ಡ ದುಡ್ಡಿನ ಸಿನಿಮಾಕ್ಕೆ ಹೃದಯ ಇರುವುದಿಲ್ಲ ಎಂದು ತೀರ್ಪನ್ನೂ ಕೊಟ್ಟು, 'ನಾನು ಕಾಮಿಕ್ಸ್ ಓದಿದವನಲ್ಲ, ಬಿಡುವಾದಾಗ ಸಿನಿಮಾ ನೋಡುವವನು, ಹೀಗೆಲ್ಲ ಹೇಳಬಹುದೇ?' ಎಂದು ಕೇಳಿದ್ದೀರಿ.

ಖಂಡಿತ ಹೇಳಬಹುದು. 'ವಾಚ್‌ಮೆನ್' ಸಿನಿಮಾದ ಮೂಲವಾದ ಕಾಮಿಕ್ಸ್ ಓದದೆಯೇ, ರೂಪಾಂತರ ಎಡವಿದ ಜಾಗಕ್ಕೆ ಸರಿಯಾಗಿ ಬೆರಳಿಟ್ಟಿದ್ದೀರಿ. ಅದನ್ನು ವಿವರಿಸಲು ಎರಡೂ ಚಿತ್ರಗಳ ಕಥೆ ಬಿಚ್ಚಿಡಬೇಕಾಗುತ್ತದೆ, ನೋಡದವರು ಕ್ಷಮಿಸಬೇಕು.

ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ 'ವಾಚ್‌ಮೆನ್' ಕಾಮಿಕ್ಸ್ 1986–87ರಲ್ಲಿ 12 ಸಂಚಿಕೆಗಳಾಗಿ ಬಂತು. ಹೆಚ್ಚಿನ ಪುಟಗಳಲ್ಲಿ ಒಂಬತ್ತು ಚೌಕಗಳ ಕಟ್ಟುನಿಟ್ಟಾದ ಜೋಡಣೆ. ಆ ಚೌಕಗಳಲ್ಲಿ ಮುಖವಾಡದ ವೀರರಷ್ಟೇ ಇಲ್ಲ. ನ್ಯೂಯಾರ್ಕಿನ ಒಂದು ರಸ್ತೆ ಮೂಲೆಯಲ್ಲಿ ಪತ್ರಿಕೆ ಮಾರುವವನೊಬ್ಬ ಬಂದುಹೋಗುವವರ ಹತ್ತಿರ ಯುದ್ಧ, ರಾಜಕೀಯ ಎಂದು ಬಿಡುವಿಲ್ಲದೆ ಮಾತಾಡುತ್ತಾನೆ. ಪಕ್ಕದಲ್ಲೇ ನೆಲದ ಮೇಲೆ ಕೂತ ಹುಡುಗನೊಬ್ಬ ದುಡ್ಡು ಕೊಡದೆ ಕಡಲ್ಗಳ್ಳರ ಕಾಮಿಕ್ ಓದುತ್ತಿರುತ್ತಾನೆ. ಇಬ್ಬರ ಹೆಸರೂ ಬರ್ನಾರ್ಡ್ ಎಂದು ಅವರಿಗೇ ಗೊತ್ತಾಗುವುದು ತೀರ ಕೊನೆಗೆ. 11ನೇ ಸಂಚಿಕೆಯ ಕಡೆಯ ಪುಟದಲ್ಲಿ ನಗರವನ್ನು ನಾಶಮಾಡುವ ಬಿಳಿ ಬೆಳಕು ಬಂದಾಗ ದೊಡ್ಡವನು ಚಿಕ್ಕವನನ್ನು ಅಪ್ಪಿಕೊಳ್ಳುತ್ತಾನೆ. 12ನೇ ಸಂಚಿಕೆ ತೆರೆದರೆ ಒಂಬತ್ತು ಚೌಕಗಳೇ ಮಾಯ. ಸಾಲಾಗಿ ಆರು ಪುಟಪೂರ್ತಿ ಚಿತ್ರಗಳು, ಎಲ್ಲದರಲ್ಲೂ ಹೆಣಗಳು. ಆ ಬೀದಿಯ ಜನರನ್ನು ತಿಂಗಳುಗಟ್ಟಲೆ ನೋಡಿದ ಓದುಗ ಅಲ್ಲಿ ಪುಟ ತಿರುವಲು ತಡಮಾಡುತ್ತಾನೆ.

ಜ್ಯಾಕ್ ಸ್ನೈಡರ್ 2009ರಲ್ಲಿ ಮಾಡಿದ ಸಿನಿಮಾ ಎಷ್ಟೋ ಚೌಕಗಳನ್ನು ಇದ್ದಹಾಗೇ ತೆರೆಗೆ ತಂದಿತು. ಆದರೆ ಚಿತ್ರಮಂದಿರಕ್ಕೆ ಬಂದ 162 ನಿಮಿಷಗಳ ಆವೃತ್ತಿಯಲ್ಲಿ ಆ ಇಬ್ಬರು ಬರ್ನಾರ್ಡ್‌ಗಳು ಕಾಣುವುದು ಕ್ಷಣ ಮಾತ್ರ. ಹೊಡೆದಾಟಗಳಲ್ಲಿ ಮೂಳೆ ಮುರಿಯುವುದನ್ನು, ರಕ್ತ ಚಿಮ್ಮುವುದನ್ನು ನಿಧಾನಗತಿಯಲ್ಲಿ ತೋರಿಸಿದ ಚಿತ್ರ, ಲಕ್ಷಾಂತರ ಜನ ಸತ್ತ ಜಾಗದಲ್ಲಿ ಒಂದು ದೊಡ್ಡ ಹೊಂಡವನ್ನಷ್ಟೇ ತೋರಿಸುತ್ತದೆ. ಹೆಣಗಳಿಲ್ಲ. ಪರಿಚಯದವರು ಯಾರೂ ಸತ್ತಿಲ್ಲ. ಹೀಗಿರುವಾಗ ನಿಮಗೆ ಏನನ್ನಿಸಬೇಕಿತ್ತು?

ಮೂಲದಲ್ಲಿ ನಗರವನ್ನು ನಾಶಮಾಡುವ ದೈತ್ಯ ಜೀವಿಯನ್ನು ಕೈಬಿಟ್ಟು, ಅತಿಮಾನುಷ ಶಕ್ತಿಯ ಪಾತ್ರವಾದ ಡಾಕ್ಟರ್ ಮ್ಯಾನ್‌ಹಟನ್ ತಲೆಗೆ ಆ ನಾಶದ ಅಪವಾದ ಕಟ್ಟಿದ್ದು ತಪ್ಪು ಎಂದು ಕೆಲವು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ನನಗೆ ಆ ಬದಲಾವಣೆ ಒಪ್ಪಿಗೆ. ಅದು ಕಥೆಯೊಳಗಿಂದಲೇ ಹುಟ್ಟಿದ್ದು. ಸಾಮಾನ್ಯ ಜನರನ್ನು ಕಥೆಯಿಂದ ಆಚೆ ಇಟ್ಟದ್ದಕ್ಕೆ ಮಾತ್ರ ನನ್ನ ತಕರಾರು. ಆಮೇಲೆ ಬಂದ ಮೂರೂವರೆ ಗಂಟೆಯ ಆವೃತ್ತಿಯಲ್ಲಿ ಆ ರಸ್ತೆ ಮೂಲೆಗೆ ಜಾಗ ಸಿಕ್ಕಿದೆ. ನೀವು ನೋಡಿದ್ದು ಅದಲ್ಲ ಅನ್ನಿಸುತ್ತದೆ.

ಆದರೆ ನಿಮ್ಮ ತೀರ್ಪನ್ನು ನಾನು ಒಪ್ಪುವುದಿಲ್ಲ. ಅದೇ ಚಿತ್ರದ ಶೀರ್ಷಿಕೆ ಭಾಗವನ್ನು ಇನ್ನೊಮ್ಮೆ ನೋಡಿ. ಒಂದೇ ಹಾಡಿನಲ್ಲಿ ದಶಕಗಳ ಇತಿಹಾಸ, ಮುಖವಾಡದವರ ಏಳುಬೀಳು, ಎಲ್ಲ ಹಾದುಹೋಗುತ್ತವೆ. ಕಾಮಿಕ್‌ನ ಪುಟದಲ್ಲಿ ಹೀಗೆ ಮಾಡಲಾಗದು. ದೊಡ್ಡ ದುಡ್ಡಿಲ್ಲದೆಯೂ ಆಗದು. ಅಷ್ಟು ಹೊತ್ತು ಆ ಸಿನಿಮಾಕ್ಕೆ ಹೃದಯ ಇತ್ತು.

ಇನ್ನು 'ಪ್ರೈಮರ್'. ಎಂಜಿನಿಯರ್ ಆಗಿದ್ದ ಶೇನ್ ಕ್ಯಾರುತ್ ಸುಮಾರು 7,000 ಡಾಲರಿನಲ್ಲಿ ಮಾಡಿದ ಈ 77 ನಿಮಿಷಗಳ ಚಿತ್ರ 2004ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಲನಚಿತ್ರೋತ್ಸವದ ತೀರ್ಪುಗಾರರ ಮಹಾಪ್ರಶಸ್ತಿ ಪಡೆಯಿತು. ಬರೆದದ್ದು, ನಿರ್ದೇಶಿಸಿದ್ದು, ಸಂಕಲಿಸಿದ್ದು, ಸಂಗೀತ ಕೊಟ್ಟದ್ದು, ಇಬ್ಬರು ನಾಯಕರಲ್ಲಿ ಒಬ್ಬನಾಗಿ ನಟಿಸಿದ್ದು, ಎಲ್ಲ ಅವರೇ. ಗ್ಯಾರೇಜಿನಲ್ಲಿ ಏನೋ ಕಟ್ಟಲು ಹೋದ ಗೆಳೆಯರಿಗೆ ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರ ಸಿಕ್ಕಿಬಿಡುತ್ತದೆ. ಅವರು ತಮ್ಮತಮ್ಮಲ್ಲೇ ಅರ್ಧರ್ಧ ವಾಕ್ಯಗಳಲ್ಲಿ ಮಾತಾಡಿಕೊಳ್ಳುತ್ತಾರೆ, ನಮಗಾಗಿ ಯಾರೂ ವಿವರಿಸುವುದಿಲ್ಲ. ನಿಮಗೆ ಅರ್ಥವಾಗದ್ದಕ್ಕೆ ಇದೇ ಕಾರಣ, ನಿಮ್ಮ ದಡ್ಡತನವಲ್ಲ.

ಆದರೆ ಒಂದು ದೃಶ್ಯ ನೆನಪಿಸಿಕೊಳ್ಳಿ. ಒಬ್ಬನ ಕಿವಿಯಿಂದ ರಕ್ತ ಬಂದದ್ದಾಗಿದೆ. ಆಮೇಲೆ ಇಬ್ಬರೂ ಪೆನ್ನು ಹಿಡಿದು ಬರೆಯಲು ನೋಡುತ್ತಾರೆ, ಅಕ್ಷರ ಮಾತ್ರ ಸರಿಯಾಗಿ ಮೂಡುವುದಿಲ್ಲ. ಎಲ್ಲರ ಹಾಗೆ ಬರೆಯಲು ನಮಗೇಕೆ ಆಗುತ್ತಿಲ್ಲ ಎಂಬ ಅವರ ದಿಗಿಲಿಗೆ ಚಿತ್ರದಲ್ಲಿ ಉತ್ತರವಿಲ್ಲ. ಯಂತ್ರದ ಲೆಕ್ಕ ತಿಳಿಯದವರಿಗೂ ಆ ದೃಶ್ಯದಲ್ಲಿ ಭಯವಾಗುತ್ತದೆ, ಏಕೆಂದರೆ ಏನೋ ಕೆಟ್ಟಿರುವುದು ನಮಗೆ ಪರಿಚಯವಾಗಿಬಿಟ್ಟ ಇಬ್ಬರು ಮನುಷ್ಯರ ಮೈಯಲ್ಲಿ. ಒಂದು ಸಿನಿಮಾ ಜನರನ್ನು ಬಿಟ್ಟಿತು, ಇನ್ನೊಂದು ವಿವರಣೆಯನ್ನು ಬಿಟ್ಟಿತು. ನಿಮಗಾದ ಎರಡು ಅನುಭವಗಳ ವ್ಯತ್ಯಾಸ ಇರುವುದು ಇಲ್ಲಿ, ಬಜೆಟ್ಟಿನಲ್ಲಲ್ಲ. ಹಾಗೆಂದು 'ಪ್ರೈಮರ್' ದೋಷವಿಲ್ಲದ್ದೇನಲ್ಲ. ಅದರಲ್ಲಿ ಹೆಂಗಸರ ಪಾತ್ರಗಳು ತೀರ ತೆಳುವಾಗಿವೆ, ನನಗೆ ಅದು ಪ್ರತಿ ಸಲವೂ ಚುಚ್ಚುತ್ತದೆ.

ಯಾವ ಘಟನೆ ಯಾವಾಗ ನಡೆಯಿತು ಎಂದು ತೋರಿಸುವ ಕಾಲರೇಖೆಗಳ ನಕ್ಷೆ ಇಟ್ಟುಕೊಂಡು 'ಪ್ರೈಮರ್' ಮತ್ತೆ ನೋಡಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಮೊದಲು ಒಮ್ಮೆ ಸುಮ್ಮನೆ ನೋಡಿ, ಇಬ್ಬರಲ್ಲಿ ಯಾರು ಯಾವಾಗ ಸುಳ್ಳು ಹೇಳುತ್ತಿದ್ದಾರೆ ಎಂಬುದನ್ನಷ್ಟೇ ಗಮನಿಸಿ. 'ವಾಚ್‌ಮೆನ್' ಪುಸ್ತಕ ಕೈಗೆ ಸಿಕ್ಕರೆ, ವೀರರನ್ನು ಬಿಟ್ಟು ಆ ಪತ್ರಿಕೆ ಮಾರುವವನ ಹಿಂದೆ ಹೋಗಿ. 12ನೇ ಸಂಚಿಕೆ ಮುಗಿದ ಮೇಲೆ ನಿಮಗೆ ಏನನ್ನಿಸಿತು ಎಂದು ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ